ಉಪ್ಪು ಎಂದರೆ ಉಪ್ಪು ಬೀಳುತ್ತಿದ್ದ ಕಾಲ

ನಿಮಗೊಂದು ಗುಟ್ಟು ಹೇಳುತ್ತೇನೆ: ಅಡುಗೆಯವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಡಾಕ್ಟರನ್ನು ಕರೆಯುತ್ತಾರೆ, ವಕೀಲರನ್ನು ಕರೆಯುತ್ತಾರೆ, ಇನ್ಶೂರೆನ್ಸ್ ಮಾರಲು ಬಂದವರಿಗೂ ಎರಡು ಹೋಳಿಗೆ ಹಾಕಿ ಕಳಿಸುತ್ತಾರೆ. ನಮಗೆ ಮಾತ್ರ ಬರೀ ಕಾಫಿ. ಅದನ್ನಾದರೂ ನೆಮ್ಮದಿಯಾಗಿ ಕುಡಿಯಲು ಬಿಡುತ್ತಾರೆಯೇ? ಲೋಟ ಕೈಗಿಟ್ಟು, ಮನೆಮಂದಿಯೆಲ್ಲ ಬಾಗಿಲ ಬಳಿ ನಿಂತು, ಪರೀಕ್ಷೆಯ ರಿಸಲ್ಟ್ ನೋಡುವವರ ಹಾಗೆ ನನ್ನ ಮುಖ ನೋಡುತ್ತಾರೆ. ಇಪ್ಪತ್ತಾರು ವರ್ಷ ಚೆನ್ನೈನ ಒಂದು ದೊಡ್ಡ ಹೋಟೆಲಿನಲ್ಲಿ ಶೆಫ್ ಆಗಿದ್ದೆ. ಅಷ್ಟು ವರ್ಷಗಳಲ್ಲಿ ನಾನು ಇನ್ನೊಬ್ಬರ ಮನೆಯಲ್ಲಿ ಉಂಡದ್ದನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಅದರಲ್ಲೂ ಎರಡು ತಿಥಿ ಊಟ.

ಕೆಲಸ ಬಿಡಿಸಿದ್ದು ನನ್ನ ಕಾಲು. ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ನಿಂತೂ ನಿಂತೂ ಮೀನಖಂಡದ ನರಗಳು ಹಸಿರು ಹುರಿಹಗ್ಗದಂತೆ ಉಬ್ಬಿಕೊಂಡವು. ಡಾಕ್ಟರು ನೋಡಿ, “ಇನ್ನು ಕೂತು ಮಾಡುವ ಕೆಲಸ ಹುಡುಕಿಕೊಳ್ಳಿ” ಎಂದರು. ಐವತ್ತೊಂದನೆಯ ವಯಸ್ಸಿನಲ್ಲಿ ಕೂರುವುದನ್ನು ಕಲಿಯಬೇಕಾಗಿ ಬಂತು! ಅಂಬತ್ತೂರಿನಲ್ಲಿ ಹೋಟೆಲುಗಳಿಗೆ ಗ್ರೈಂಡರು, ಸ್ಟೀಮ್ ಬಾಯ್ಲರು ತಯಾರಿಸುವ ಒಂದು ಕಾರ್ಖಾನೆ ನನ್ನನ್ನು ಕರೆದು ಫೋನಿನ ಮುಂದೆ ಕೂರಿಸಿತು. ಊರೂರಿನ ಅಡುಗೆಯವರು ಫೋನ್ ಮಾಡಿ ಯಂತ್ರ ತಿರುಗುತ್ತಿಲ್ಲ ಎಂದು ಬೈಯುತ್ತಾರೆ. ಬೈಗುಳವನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ “ಸ್ವಿಚ್ ಹಾಕಿದ್ದೀರಾ?” ಎಂದು ಕೇಳುವುದು ನನ್ನ ಕೆಲಸ.

ಹೊಸ ಕೆಲಸಕ್ಕೆ ನಾನು ಹೋದದ್ದು ಒಂದೇ ಒಂದು ಆಸೆಯಿಟ್ಟುಕೊಂಡು. ನಗಬೇಡಿ. ಮಧ್ಯಾಹ್ನ ಒಂದು ಗಂಟೆಗೆ, ಕುರ್ಚಿಯ ಮೇಲೆ ಕೂತು, ನಾಲ್ಕು ಜನರ ಜೊತೆ ಹರಟುತ್ತಾ ಊಟ ಮಾಡಬೇಕು. ಶೆಫ್ ಆದವನು ಊರಿಗೆಲ್ಲ ಬಡಿಸಿ, ಸಂಜೆ ನಾಲ್ಕಕ್ಕೆ ಸಿಂಕಿನ ಪಕ್ಕದಲ್ಲಿ ನಿಂತು, ಬಾಣಲೆಯ ತಳದಲ್ಲಿ ಉಳಿದದ್ದನ್ನು ಬಾಯಿಗೆ ಎಸೆದುಕೊಳ್ಳುವವನು. ಆಫೀಸಿನವರು ಡಬ್ಬಿ ಬಿಚ್ಚಿ, “ನಿಮ್ಮದೇನು? ನಮ್ಮದು ಅದೇ ಹಾಗಲಕಾಯಿ” ಎಂದು ಗೊಣಗುವುದು ನನ್ನ ಪಾಲಿಗೆ ಸ್ವರ್ಗಸುಖದ ಮಾತಾಗಿತ್ತು.

ಆ ಸ್ವರ್ಗದಲ್ಲಿ ನಾನು ಐದು ನಿಮಿಷ ಇದ್ದೆ. ಮೊದಲ ದಿನವೇ ಊಟದ ಮೇಜಿನಲ್ಲಿ ನನಗೆ ಜಾಗ ಸಿಕ್ಕಿತು. ಎದುರಿಗೆ ದೂರುಗಳನ್ನು ಬರೆದುಕೊಳ್ಳುವ ಸೆಲ್ವಿ, ಪಕ್ಕದಲ್ಲಿ ಸ್ಟೋರ್ಸಿನ ಮುರುಗೇಶನ್, ಆಚೆ ಇನ್ನಿಬ್ಬರು. ಸೆಲ್ವಿ, “ಸಾಪ್ಪಿಡುಂಗ ಸಾರ್”, ತಿನ್ನಿ ಎಂದು, ಬದನೆಕಾಯಿ ಕೊಳಂಬನ್ನು, ಅಂದರೆ ಹುಣಸೆಹಣ್ಣಿನ ಗಟ್ಟಿ ಸಾರನ್ನು, ನನ್ನ ಮೆಸ್ಸಿನ ಡಬ್ಬಿಯ ಮುಚ್ಚಳಕ್ಕೆ ಸುರಿದಳು. ತಿನ್ನಬೇಕಿತ್ತು, ಚೆನ್ನಾಗಿದೆ ಅನ್ನಬೇಕಿತ್ತು, ಮುಗಿಯಿತು. ಕೈ ಸುಮ್ಮನಿದ್ದರೆ ತಾನೇ? ಒಂದು ತೊಟ್ಟು ಎಡ ಅಂಗೈ ಮೇಲೆ ಹಾಕಿಕೊಂಡು, ನೆಕ್ಕಿ, ಕಣ್ಣು ಮುಚ್ಚಿ, ಹೇಳಿಯೇಬಿಟ್ಟೆ: “ಹುಳಿ ಇನ್ನೂ ಎರಡು ನಿಮಿಷ ಕುದಿಯಬೇಕಿತ್ತು. ಹಸಿ ವಾಸನೆ ಹೋಗಿಲ್ಲ.”

ಹೋಟೆಲಿನಲ್ಲಾಗಿದ್ದರೆ ಇದು ಹೊಗಳಿಕೆಯ ಲೆಕ್ಕ. ಪಾತ್ರೆ ಒಲೆಗೆ ವಾಪಸು ಹೋಗುತ್ತಿತ್ತು, ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಇಲ್ಲಿ ಸೆಲ್ವಿಯ ಮುಖ ಸಣ್ಣದಾಯಿತು. “ಕಾಲೈಲ ಅವಸರಂ ಸಾರ್” ಎಂದಳು. ಬೆಳಗಿನ ಅವಸರವಂತೆ. ಇಬ್ಬರು ಮಕ್ಕಳಿಗೆ ಜಡೆ ಹಾಕಿ, ಶಾಲೆಗೆ ಕಳಿಸಿ, ಎರಡು ಬಸ್ಸು ಬದಲಿಸಿ ಬರುವ ಹೆಂಗಸಿಗೆ ನಾನು ಎರಡು ನಿಮಿಷದ ಪಾಠ ಹೇಳಿದ್ದೆ. ಮಾರನೆಯ ದಿನ ನಾನು ಹೋದಾಗ ಎಲ್ಲರೂ ಉತ್ತರಪತ್ರಿಕೆ ಬಚ್ಚಿಡುವ ಮಕ್ಕಳಂತೆ ಕೈಯಿಂದ ಡಬ್ಬಿ ಮರೆಮಾಡಿಕೊಂಡರು. ಮೂರನೆಯ ದಿನ ಕೂರಲು ಕುರ್ಚಿಯೇ ಇರಲಿಲ್ಲ. ಮುರುಗೇಶನ್ ಒಳ್ಳೆಯ ಮನುಷ್ಯ. ಮೆಟ್ಟಿಲ ಬಳಿ ಸಿಕ್ಕಾಗ, ನಿಮ್ಮೆದುರು ಡಬ್ಬಿ ತೆರೆಯಲು ನಮಗೆ ಭಯ ಸಾರ್, ತಪ್ಪು ತಿಳಿಯಬೇಡಿ ಎಂದ.

ತಪ್ಪು ತಿಳಿಯುವುದೇನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟು ತಿಂಗಳು ಕಿಟಕಿಯ ಪಕ್ಕ, ಜನರೇಟರಿನ ಸದ್ದಿಗೆ ಮುಖಮಾಡಿ, ಮೆಸ್ಸಿನ ಮೊಸರನ್ನ ತಿಂದೆ. ಹಿಂದಿನ ಮೇಜಿನಲ್ಲಿ ನಗು ಕೇಳುತ್ತಿತ್ತು. ಒಂದೊಂದು ದಿನ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಏಳುತ್ತಿದ್ದೆ. ಅಷ್ಟು ವಯಸ್ಸಾದವನಿಗೆ ಊಟದ ಮೇಜಿಗೆ ಸೇರಿಸಿಕೊಳ್ಳಲಿಲ್ಲವೆಂದು ಅಳು ಬರುತ್ತಿತ್ತು ಎಂದರೆ ಯಾರು ನಂಬುತ್ತಾರೆ?

ಮನೆಯಲ್ಲಿ ಮಾಡಿಕೊಂಡು ಹೋಗಬಾರದಿತ್ತೇ ಎನ್ನುತ್ತೀರಿ. ಅದಕ್ಕೂ ಒಂದು ಕಥೆಯಿದೆ. ನಮ್ಮದು ತಾತನ ಕಾಲದಿಂದ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಬೇರೂರಿದ ಮಾಧ್ವರ ಮನೆ. ನಾನು ಹೋಟೆಲಿನಲ್ಲಿ ಏನೇನು ಮುಟ್ಟಿ ಬರುತ್ತೇನೋ ಎಂದು ಅಮ್ಮ ಜೀವವಿರುವ ತನಕ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. “ಅಲ್ಲೇ ನಿಲ್ಲೋ, ಮಡೀಲಿದೀನಿ. ನೀನು ಅಲ್ಲಿ ದೊಡ್ಡ ಶೆಫ್ ಆಗಿರಬಹುದು, ಇಲ್ಲಿ ಸುಮ್ಮನೆ ಎಲೆ ಹಾಕ್ಕೊಂಡು ಕೂತ್ಕೋ” ಎನ್ನುತ್ತಿದ್ದಳು. ಮುನ್ನೂರು ಜನಕ್ಕೆ ಅಡುಗೆ ಮಾಡಿಸುವವನಿಗೆ ತನ್ನ ಮನೆಯ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಮದುವೆ? ಹೋಟೆಲಿನವನ ರಾತ್ರಿ ಪಾಳಿಗೆ ಹೆಣ್ಣು ಕೊಡುವವರು ಸಿಗಲಿಲ್ಲ, ಸಿಕ್ಕಿದಾಗ ನನಗೆ ರಜೆ ಸಿಗಲಿಲ್ಲ. ಹೋಟೆಲು ಬಿಡುವುದಕ್ಕೆ ಒಂದು ವರ್ಷ ಮೊದಲು ಅಮ್ಮ ಹೋದಳು. ಅವಳ ಒಲೆಯ ಮೇಲೆ ನಾನು ಹಾಲು ಬಿಟ್ಟರೆ ಬೇರೇನೂ ಇಟ್ಟಿರಲಿಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಹಿರಿಯರು ಇವೆರಡನ್ನೂ ಒಟ್ಟಿಗೆ ಯಾಕೆ ಕಟ್ಟಿದರೋ ಎಂದು ಈಚೆಗೆ ಯೋಚಿಸುತ್ತೇನೆ. ನಮ್ಮಲ್ಲಿ ಉಪ್ಪಿಗಿರುವ ಮರ್ಯಾದೆ ಇಷ್ಟಿಷ್ಟಲ್ಲ. ಎಲೆಯ ತುದಿಗೆ ಮೊದಲು ಬೀಳುವುದು ಅದು, ಋಣ ಎಂದರೆ ನೆನಪಾಗುವುದೂ ಅದೇ. ಆದರೆ ಉಪ್ಪು ಹಾಕುವುದನ್ನೇ ಮರೆತವನ ಬಗ್ಗೆ ಗಾದೆ ಕಟ್ಟಲು ಯಾರಿಗೂ ತೋಚಲಿಲ್ಲ. ಅಂಥ ದಡ್ಡನಿರಬಹುದೆಂದು ಅವರು ಎಣಿಸಿರಲಿಕ್ಕಿಲ್ಲ.

ಕೊನೆಗೊಂದು ಶುಕ್ರವಾರ ನಾನೇ ಸೋತೆ. ಬಿಸಿಬೇಳೆ ಅನ್ನ ಮಾಡಿ ಒಯ್ದು, ಆ ಮೇಜಿನ ಮೇಲಿಟ್ಟು, ಕ್ಷಮಿಸಿ ಎಂದು ಕೇಳಿಬಿಡೋಣ ಅನ್ನಿಸಿತು. ಬೆಳಗ್ಗೆ ಬೇಗ ಎದ್ದು ಸ್ನಾನ ಮಾಡಿ ಒಲೆ ಹಚ್ಚಿದೆ. ಎಷ್ಟು ಕಡಿಮೆ ಮಾಡಿದರೂ ಹನ್ನೆರಡು ಜನರಿಗಾಗುವಷ್ಟಾಯಿತು. ಅದಕ್ಕಿಂತ ಸಣ್ಣ ಅಳತೆ ನನ್ನ ಕೈಗೆ ಗೊತ್ತಿಲ್ಲ. ಈಗ ಹೋಟೆಲಿನ ಒಂದು ಪದ್ಧತಿ ಹೇಳಬೇಕು. ಹಿರಿಯ ಶೆಫ್ ಏನನ್ನೂ ತಾನು ಹಾಕುವುದಿಲ್ಲ. ಪಾತ್ರೆಯ ಮುಂದೆ ನಿಂತು “ಉಪ್ಪು” ಎನ್ನುತ್ತಾನೆ, ಉಪ್ಪು ಬೀಳುತ್ತದೆ. “ಹುಳಿ” ಎನ್ನುತ್ತಾನೆ, ಬೀಳುತ್ತದೆ. ಆಮೇಲೆ ರುಚಿ ನೋಡುತ್ತಾನೆ. ಮನೆಯಲ್ಲಿ ಅಮ್ಮನ ಪದ್ಧತಿ ಬೇರೆ: ದೇವರಿಗೆ ನೈವೇದ್ಯವಾಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಎರಡೂ ಪದ್ಧತಿಗಳನ್ನು ನಾನು ಅಂದು ಶ್ರದ್ಧೆಯಿಂದ ಪಾಲಿಸಿದೆ. ಬೇಳೆ ಬೆಂದಾಗ ಗಟ್ಟಿಯಾಗಿ “ಉಪ್ಪು” ಎಂದೆ. ಒಗ್ಗರಣೆಗೆ ಹೊರಳಿದೆ. ನೈವೇದ್ಯ ಮಾಡಿದೆ, ಡಬ್ಬಿಗೆ ತುಂಬಿದೆ, ಮಾಂಬಲಂ ಸ್ಟೇಷನ್ನಿಗೆ ಓಡಿದೆ. ದೇವರು ಮಾತಾಡಲಿಲ್ಲ. ಅವನು ಯಾವತ್ತೂ ಸಂಕೋಚದವನು.

ಮಧ್ಯಾಹ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎಂಟು ತಿಂಗಳಿಂದ ಬಾಯಿಪಾಠ ಮಾಡಿದ್ದ ಮಾತನ್ನು ಹೇಳಿದೆ. “ಸೆಲ್ವಿ ಅಮ್ಮಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು.” ಅವಳು ತಟ್ಟೆ ಮುಂದೆ ಸರಿಸಿದಳು. ಎಲ್ಲರಿಗೂ ಬಡಿಸಿದೆ. ಎಲ್ಲರೂ ಒಂದು ತುತ್ತು ಬಾಯಿಗಿಟ್ಟರು. ಮುರುಗೇಶನ್ ಗೋಡೆ ನೋಡಿದ. ಇನ್ನಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೋ, ರುಚಿಗೆ ಮಾತೇ ಹೊರಡುತ್ತಿಲ್ಲ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

“ಉಪ್ಪೇ ಇಲ್ಲ ಸಾರ್” ಎಂದಳು ಸೆಲ್ವಿ.

ಕನ್ನಡದಲ್ಲೂ ತಮಿಳಿನಲ್ಲೂ ಒಂದೇ ಆಗಿರುವ ಮಾತು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಬಾಯಿಗೆ ಹಾಕಿಕೊಂಡು ನೋಡಿದೆ. ಅಯ್ಯೋ ರಾಮ! ಒಂದು ಹರಳೂ ಇಲ್ಲ. ಬೆಳಗ್ಗೆ ಖಾಲಿ ಅಡುಗೆಮನೆಗೆ ಅಪ್ಪಣೆ ಕೊಟ್ಟು ಬಂದದ್ದು ಆಗ ಹೊಳೆಯಿತು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುರುಗೇಶನ್ ನಕ್ಕೂ ನಕ್ಕೂ ಕೆಮ್ಮಿದ, ಓಡಿಹೋಗಿ ಕ್ಯಾಂಟೀನಿನಿಂದ ಉಪ್ಪಿನ ಪ್ಯಾಕೆಟ್ಟನ್ನೇ ತಂದ. ಸೆಲ್ವಿ ತಾನೇ ಡಬ್ಬಿ ಎಳೆದುಕೊಂಡು, ಉಪ್ಪು ಹಾಕಿ ಕಲೆಸುತ್ತಾ, ಇಷ್ಟು ಅಕ್ಕಿಗೆ ಇಷ್ಟು ಉಪ್ಪು ಎಂದು ನನಗೆ ಪಾಠ ಹೇಳಿದಳು. ನಾನು ಹೊಸದಾಗಿ ಕಲಿಯುವವನ ಹಾಗೆ ತಲೆಯಾಡಿಸಿದೆ. ಕಲೆಸುತ್ತಿದ್ದ ಕೈ ನಿಲ್ಲಿಸಿ, ನಗುತ್ತಲೇ ಕೇಳಿದಳು: “ವೀಟ್ಟುಲ ಉಪ್ಪು ಪಾಕ್ಕ ಯಾರುಂ ಇಲ್ಲೈಯಾ ಸಾರ್?”

ಮನೆಯಲ್ಲಿ ಉಪ್ಪು ನೋಡುವವರು ಯಾರೂ ಇಲ್ಲವೇ?

“ಇಲ್ಲಮ್ಮ” ಎಂದೆ. ಅಮ್ಮ ಹೋದ ಮೇಲೆ ಎಷ್ಟೋ ಜನರಿಗೆ ಎಷ್ಟೋ ರೀತಿ ಹೇಳಿದ್ದೆ, ಅಡ್ಜಸ್ಟ್ ಆಗಿದ್ದೀನಿ, ಅಭ್ಯಾಸ ಆಗಿದೆ, ಅದೂ ಇದೂ. ಇಷ್ಟು ಚಿಕ್ಕದಾಗಿ ಯಾರಿಗೂ ಹೇಳಿರಲಿಲ್ಲ. ಅವಳ ನಗು ನಿಂತಿತು. ಮುರುಗೇಶನ್ ಸ್ಟೋರ್ಸಿನಿಂದ ಒಂದು ಕುರ್ಚಿ ಹೊತ್ತು ತಂದು ನನ್ನ ಹಿಂದೆ ಇಟ್ಟ. ಸೆಲ್ವಿ ತನ್ನ ಡಬ್ಬಿ ತೆರೆದು, ಸುಂಡೆಕಾಯಿ ಒಣಗಿಸಿ ಮಾಡಿದ ವತ್ತಲ್ ಕೊಳಂಬನ್ನು ನನ್ನ ತಟ್ಟೆಗೆ ಹಾಕಿ, ಹೇಗಿದೆ ಹೇಳಿ ಸಾರ್ ಎಂದು ನೇರವಾಗಿ ನನ್ನ ಮುಖ ನೋಡಿದಳು. ಮೇಜಿನವರೆಲ್ಲ ತುತ್ತು ಬಿಟ್ಟು ನನ್ನತ್ತ ತಿರುಗಿದರು.

“ಇನ್ನೂ ಸ್ವಲ್ಪ ಹಾಕಮ್ಮ” ಎಂದೆ.

ಅಂದಿನಿಂದ ಆ ಕುರ್ಚಿ ನನ್ನದು. ಅವತ್ತಿನ ಕೊಳಂಬಿನಲ್ಲಿ ಮೆಂತ್ಯ ಒಂದು ಚೂರು ಸೀದು ಕಹಿಯಾಗಿತ್ತು, ನಿಜ. ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ, ಸೆಲ್ವಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ.