ಎಸಿ ರೂಮಿನಲ್ಲಿ ಟೆಸ್ಟ್

ಸಿರುಗುಪ್ಪದ ನಮ್ಮ ಕಾಲೇಜಿನ ತಾರಸಿಗೆ ಸೋಲಾರ್ ಫಲಕಗಳು ಬಂದಾಗ ಎಲ್ಲರಿಗಿಂತ ಹೆಚ್ಚು ಸಂಭ್ರಮಪಟ್ಟವಳು ನಾನು. ಜಿಲ್ಲಾ ಕೇಂದ್ರದ ಕಂಟೋನ್ಮೆಂಟ್ ಬಡಾವಣೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಭೌತಶಾಸ್ತ್ರ ಹೇಳುವವಳು. ಬೇಸಿಗೆಯಲ್ಲಿ ಕರೆಂಟು ಹೋದರೆ ತರಗತಿ ಹೇಗೆ ಬೇಯುತ್ತದೆಂದು ಬಲ್ಲೆ. ಉದ್ಘಾಟನೆಯ ದಿನ ಪ್ರಿನ್ಸಿಪಾಲರು, "ಇನ್ನು ನಮ್ಮ ಮಕ್ಕಳು ಸೆಕೆಯಲ್ಲಿ ಕೂರಬೇಕಿಲ್ಲ" ಎಂದು ಭಾಷಣ ಮಾಡಿದರು.

ಅಕ್ಕಿ ಗಿರಣಿಗಳ ಬೂದಿ ಫಲಕಗಳ ಮೇಲೆ ಕೂರುತ್ತಿತ್ತು. ಅದನ್ನು ತೊಳೆಯುವ ಕೆಲಸ ವಿದ್ಯಾರ್ಥಿಗಳಿಗೇ ಬಿತ್ತು. ಕೊಡ ಹೊತ್ತು ಮೆಟ್ಟಿಲು ಹತ್ತಿ ತೊಳೆದು ಬರುತ್ತಿದ್ದರು. ಆದರೆ ಕರೆಂಟು ಹೋದಾಗ ತರಗತಿಯ ಫ್ಯಾನುಗಳು ಹಾಗೇ ನಿಲ್ಲುತ್ತಿದ್ದವು.

"ಮೇಡಂ, ತೊಳಿಯಾಕ ಮಾತ್ರ ನಾವು ಬೇಕೇನ್ರಿ?" ಎಂದು ಕುರುಗೋಡು ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಕೇಳಿದಳು.

ವಿಚಾರಿಸಿದೆ. ಸೋಲಾರಿನ ತಂತಿ ಹೋಗಿದ್ದು ಪ್ರಿನ್ಸಿಪಾಲರ ಕೋಣೆಯ ಎಸಿಗೆ!

ನೇರ ಹೋಗಿ ಕೇಳಿದೆ.

"ಬ್ಯಾಟರಿ ಸಣ್ಣದೈತ್ರಿ ಮೇಡಂ, ಕ್ಲಾಸಿನ ಲೋಡ್ ತಡಿಯಂಗಿಲ್ಲ."

"ಎಸಿ ಲೋಡ್ ತಡಿತೈತೇನ್ರಿ ಸರ್?"

"ಹೊರಗಿಂದ ದೊಡ್ಡೋರು ಬಂದು ಕುಂದ್ರೋ ಜಾಗರಿ ಇದು," ಎಂದು ಫೈಲಿನ ಕಡೆ ತಿರುಗಿದರು. ಮಕ್ಕಳು ಯಾರ ಲೆಕ್ಕದಲ್ಲಿ ಸಣ್ಣವರು? ನನಗೆ ಮೈಯೆಲ್ಲ ಉರಿಯಿತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಟೆಸ್ಟ್ ನಡೆಯುವಾಗ ಕರೆಂಟು ಹೋಯಿತು. ನನ್ನನ್ನು ಕೇಳಿದ್ದ ಅದೇ ಹುಡುಗಿ ಬರೆಯುತ್ತ ಬರೆಯುತ್ತ ಬೆಂಚಿನಿಂದ ಜಾರಿ ಬಿದ್ದಳು. ಇಬ್ಬರು ಗೆಳತಿಯರ ಜೊತೆ ಅವಳನ್ನು ಎತ್ತಿಕೊಂಡು ಹೋಗಿ ಪ್ರಿನ್ಸಿಪಾಲರ ಸೋಫಾದ ಮೇಲೆ ಮಲಗಿಸಿದೆ. ಮುಖಕ್ಕೆ ನೀರು ಚಿಮುಕಿಸಿದಾಗ ಕಣ್ಣು ಬಿಟ್ಟಳು. ಆ ತಣ್ಣನೆ ಗಾಳಿ ನನಗೂ ತಾಗಿತು. ಸಿಟ್ಟು ಇನ್ನಷ್ಟು ಏರಿತು. ಹೊರಗೆ ಬಂದು ಇಡೀ ತರಗತಿಗೆ, "ಪೇಪರ್ ತಗೊಂಡು ಎಲ್ಲಾರೂ ಒಳಗ ಬರ್ರಿ" ಎಂದೆ. ಮಕ್ಕಳು ಹೆದರುತ್ತಲೇ ಬಂದು ನೆಲದ ಮೇಲೆ ಕೂತರು.

"ಏನ್ರೀ ಇದು ಮೇಡಂ!" ಪ್ರಿನ್ಸಿಪಾಲರು ಎದ್ದು ನಿಂತರು.

"ಗಾಳಿ ಇಲ್ಲೇ ಐತಲ್ರಿ ಸರ್. ಟೆಸ್ಟ್ ಇಲ್ಲೇ ಮುಗೀಲಿ."

ಅವರು ದುರುಗುಟ್ಟಿ ನೋಡಿ ಹೊರಗೆ ಹೋದರು. ಮಕ್ಕಳು ಅಲ್ಲೇ ಬರೆದು ಮುಗಿಸಿದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ತಲೆ ತಗ್ಗಿಸಿಕೊಂಡು, "ನನ್ನಿಂದ ನಿಮಗ ತೊಂದ್ರಿ ಆತ್ರಿ ಮೇಡಂ, ಭಾಳ ನಾಚಿಕಿ ಆಗೈತ್ರಿ" ಎಂದಳು. ಇವಳಿಗೇಕೆ ನಾಚಿಕೆ? ಅವಳ ಬೆನ್ನು ಸವರಿ ಎಳನೀರು ಕುಡಿಸಿ ಬಸ್ ಹತ್ತಿಸಿದೆ.

ಶಿಸ್ತು ಮೀರಿದ್ದಕ್ಕೆ ನನಗೆ ನೋಟಿಸ್ ಬಂತು. ನಡೆದದ್ದನ್ನು ನಡೆದ ಹಾಗೆಯೇ ಬರೆದುಕೊಟ್ಟೆ. ಆಮೇಲೆ ಅದರ ಸುದ್ದಿ ಯಾರೂ ಎತ್ತಲಿಲ್ಲ. ಮಕ್ಕಳ ಮನೆಯವರು ಬಂದು ಜಗಳ ತೆಗೆದ ಮೇಲೆ ಎಲೆಕ್ಟ್ರಿಷಿಯನ್ ಬಂದು, ಎಸಿಯ ತಂತಿ ಕಿತ್ತು ತರಗತಿಗಳ ಫ್ಯಾನಿಗೆ ಜೋಡಿಸಿದ. ಅದೇ ಸಣ್ಣ ಬ್ಯಾಟರಿಯಲ್ಲಿ ಫ್ಯಾನುಗಳು ಗಿರ್ರನೆ ತಿರುಗಿದವು.

ಮುಂದಿನ ಸಭೆಯಲ್ಲಿ ಪ್ರಿನ್ಸಿಪಾಲರು, ಮಕ್ಕಳ ಹಿತಕ್ಕಾಗಿ ತಾವೇ ಈ ಬದಲಾವಣೆ ಮಾಡಿಸಿದ್ದಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ತರಗತಿಗೆ ಹೋದೆ.