ತೋಪು ಕಾದ ಮೇಷ್ಟ್ರು

ನನ್ನ ಗಂಡ ಉಮೇಶ್ ಶ್ರೀನಿವಾಸಪುರದ ಆಚೆ ಒಂದು ಸಣ್ಣ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಾರೆ. ಎಷ್ಟೋ ವರ್ಷಗಳಿಂದ ಅತಿಥಿ ಉಪನ್ಯಾಸಕ. ಇಷ್ಟು ಕಾಲ ಉಳಿದುಕೊಂಡ ಅತಿಥಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಪ್ರತಿ ವರ್ಷ ಕೆಲಸ ಇದೆಯೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯಬೇಕು. ಆದರೂ ಈ ಮನುಷ್ಯ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆಗೆ ಹೊರಟವರ ಹಾಗೆ ಹೊರಡುತ್ತಾರೆ.

ಅಲ್ಲಿ ಓದುವವರಲ್ಲಿ ಹೆಚ್ಚಿನವರು ಇರುಳಿಗರ ಕಾಲೋನಿಯ ಮಕ್ಕಳು. ಮಾವು ಬಲಿಯುವ ಹೊತ್ತಿಗೆ ಕಾಲೋನಿಗೆ ಕಾಲೋನಿಯೇ ತೋಪುಗಳ ಕಾವಲಿಗೆ ಹೋಗಿಬಿಡುತ್ತದೆ. ಪರೀಕ್ಷೆ ಬರುವುದೂ ಆಗಲೇ. ಯಾವ ಪುಣ್ಯಾತ್ಮ ಈ ವೇಳಾಪಟ್ಟಿ ಮಾಡುತ್ತಾನೋ, ಒಮ್ಮೆ ನನ್ನ ಕೈಗೆ ಸಿಗಬೇಕು. ಈ ಸಲ ಕಾಲೋನಿಯಿಂದ ಕೊನೆಯ ವರ್ಷದವರೆಗೆ ಉಳಿದಿದ್ದವಳು ಅನಿತ ಒಬ್ಬಳೇ. ಜೊತೆಗೆ ಸೇರಿದ್ದವರು ಒಂದೊಂದು ಮಾವಿನ ಕಾಲಕ್ಕೆ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು.

ಪರೀಕ್ಷೆಯ ಹಿಂದಿನ ದಿನ ಅವಳು ಹಾಲ್ ಟಿಕೆಟ್ ತೆಗೆದುಕೊಳ್ಳಲು ಬರಲಿಲ್ಲ. ಇವರು ಅದನ್ನು ಜೇಬಿನಲ್ಲಿಟ್ಟುಕೊಂಡು ತೋಪಿಗೇ ಹೋದರು. ಅವಳ ಅಪ್ಪ ಪೆದ್ದಪ್ಪ ಜ್ವರ ಬಂದು ಗುಡಿಸಲಲ್ಲಿ ಮಲಗಿದ್ದ. ತಾಯಿ ಅಂಜಮ್ಮ ಪಕ್ಕದ ತೋಪು ಕಾಯುತ್ತಿದ್ದಳು. ಕಾಯಿ ಕೀಳುವ ಹೊತ್ತಿನಲ್ಲಿ ಒಂದು ದಿನ ಕಾವಲು ತಪ್ಪಿದರೂ ಮುಂದೆ ಆ ತೋಪು ಪೆದ್ದಪ್ಪನಿಗೆ ಸಿಗುವುದಿಲ್ಲ. ಮುಂದಿನ ವರ್ಷ ಬರೀತೀನಿ ಬಿಡಿ ಸಾರ್ ಎಂದಳಂತೆ ಅನಿತ. ಆ ಮಾತನ್ನು ಇವರು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದರೋ. ಹಾಗೆಂದವರು ಯಾರೂ ತಿರುಗಿ ಬಂದಿರಲಿಲ್ಲ.

"ನಾಳೆ ನೀನ್ ಹೋಗಿ ಬರಿ. ತೋಪು ನಾನ್ ಕಾಯ್ತೀನಿ," ಎಂದುಬಿಟ್ಟರು.

ಮನೆಗೆ ಬಂದು ಹೇಳಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಹಪ್ಪಳ ಒಣಹಾಕಿದರೆ ಕಾಗೆ ಓಡಿಸಲು ಬಾರದವರು ಇವರು. ಮಾರನೆಯ ದಿನ ಮಧ್ಯಾಹ್ನ ಮುದ್ದೆ, ಬಸ್ಸಾರು ಕಟ್ಟಿಕೊಂಡು ಹೋದೆ. ನೋಡಿದರೆ ಅಂಗಿಯೆಲ್ಲ ಮಣ್ಣು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೋತಿ ಓಡಿಸುವ ತಗಡಿನ ಡಬ್ಬ. ಎದುರಿಗೆ ಮುನಿಗಂಗಮ್ಮ ಎಂಬ ಮುದುಕಿ ಸೊಂಟಕ್ಕೆ ಕೈಯಿಟ್ಟು ಜಗಳ ತೆಗೆದಿದ್ದಳು. ಗಾಳಿಗೆ ಉದುರಿದ ಕಾಯಿ ಆಯುತ್ತಿದ್ದ ಅವಳ ಮೊಮ್ಮಕ್ಕಳನ್ನು ಇವರು ಕಳ್ಳರೆಂದು ಅಟ್ಟಿಸಿಕೊಂಡು ಹೋಗಿದ್ದರಂತೆ. ಮರದಲ್ಲಿರುವುದು ತೋಪಿನ ಯಜಮಾನರದ್ದು, ತಾನಾಗಿ ಉದುರಿದ್ದು ಕಾಲೋನಿ ಮಕ್ಕಳದ್ದು. ಅಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಇವರಿಗೆ ಯಾರೂ ಹೇಳಿರಲಿಲ್ಲ.

ಗುಡಿಸಲಿನಿಂದ ಪೆದ್ದಪ್ಪ ನಗುತ್ತ ಕೆಮ್ಮುತ್ತ ಹೊರಗೆ ಬಂದ. ಮೇಷ್ಟ್ರ ಕೈಗೆ ಕೋಲು ಯಾಕೆ ಬಂತು, ಅನಿತ ಎಲ್ಲಿಗೆ ಹೋಗಿದ್ದಾಳೆ, ಎಲ್ಲ ಹೇಳಿದ. ಮುದುಕಿ ಇವರ ಅಂಗಿಯನ್ನೊಮ್ಮೆ, ನನ್ನ ಬುತ್ತಿಯನ್ನೊಮ್ಮೆ ನೋಡಿ ಹೊರಟುಹೋದಳು. ಇವರು ಓಡಿಹೋಗಿ ಮಕ್ಕಳನ್ನು ಕರೆತಂದು, ತಾವೂ ಬಗ್ಗಿ ಕಾಯಿ ಆಯ್ದುಕೊಟ್ಟರು.

ಸಂಜೆ ಅನಿತ ಬಂದು, ಎಲ್ಲಾ ಬರೆದೆ ಎಂದಾಗ ಇವರ ಮುಖ ಅರಳಿತು. ಆದರೆ ಮಾರನೆಯ ದಿನವೂ ಪರೀಕ್ಷೆ, ಅವತ್ತು ಇವರಿಗೂ ಪರೀಕ್ಷಾ ಕೊಠಡಿಯಲ್ಲಿ ಡ್ಯೂಟಿ. ತಪ್ಪಿಸಿದರೆ ಇರುವ ಕೆಲಸಕ್ಕೂ ಸಂಚಕಾರ. ಮನೆಗೆ ಬಂದವರಿಗೆ ಊಟ ಸೇರಲಿಲ್ಲ. ಈ ಪುಣ್ಯಾತ್ಮರನ್ನು ಹಾಗೆ ನೋಡಲು ನನ್ನಿಂದಾಗುವುದಿಲ್ಲ.

"ತೋಪು ನಾನ್ ಕಾಯ್ತೀನಿ ಕಣ್ರೀ. ನೀವು ಡ್ಯೂಟಿಗೆ ಹೋಗಿ," ಎಂದೆ.

ಬೆಳಿಗ್ಗೆ ಬೈಕಿನಲ್ಲಿ ಇಬ್ಬರೂ ಹೋದೆವು. ಬೇಲಿಯ ಹತ್ತಿರ ಮುನಿಗಂಗಮ್ಮ ಆಗಲೇ ಕೋಲು ಹಿಡಿದು ಕೂತಿದ್ದಳು. ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸ ಬಿಟ್ಟು ಅವಳ ಇಬ್ಬರು ಸೊಸೆಯರೂ ಬಂದಿದ್ದರು. ಪರೀಕ್ಷೆ ಮುಗಿಯುವವರೆಗೂ ತಾವೇ ಸರದಿ ಮೇಲೆ ಕಾಯುವುದೆಂದು ಮಾತಾಡಿಕೊಂಡಿದ್ದರಂತೆ.

"ನಮ್ ಕಾಲೋನೀಲಿ ಒಂದ್ ಹುಡ್ಗೀನಾದ್ರೂ ಪೂರ್ತಿ ಓದ್ಲಿ ಮೇಷ್ಟ್ರೇ," ಎಂದಳು ಮುದುಕಿ.

ಇವರು ಇಸ್ತ್ರಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು. ಮುದುಕಿ ನಮ್ಮಿಬ್ಬರನ್ನೂ ಬೈದಳು.

"ಅಳ್ತಾ ನಿಂತ್ರೆ ಹೊತ್ತಾಗಲ್ವಾ? ಹುಡ್ಗೀನ ಕರ್ಕೊಂಡ್ ಹೋಗಿ."