ಉಣ್ಣೋ ಕೈ ಕಡೆ

ನಿನ್ನೆ ಮಧ್ಯಾಹ್ನ ಉಣಕಲ್ಲಿನ ನಮ್ಮ ಅಡುಗೆಮನೆಯಲ್ಲಿ ಕೊಳೆತ ಬೆಳ್ಳುಳ್ಳಿಯಂಥ ವಾಸನೆ. "ಏನ್ರಿ, ಗ್ಯಾಸ್ ಸೋರಾಕತ್ತೈತೇನ ನೋಡ್ರಿ," ಎಂದಳು ಹೆಂಡತಿ. ಎದ್ದೆ. ಆದರೆ ನನ್ನ ಮೂಗು ಅಡುಗೆಮನೆ ಬಿಟ್ಟು, ನಾನು ಹಿಂದೆ ಕೆಲಸ ಮಾಡಿದ ಹುಬ್ಬಳ್ಳಿಯ ಗೋದಾಮಿಗೆ ಹೋಗಿ ನಿಂತಿತ್ತು.

ಅಲ್ಲಿ ನಾನು ಸುರಕ್ಷತಾ ಅಧಿಕಾರಿ. ಮಾಲು ಎತ್ತುವ ಫೋರ್ಕ್‌ಲಿಫ್ಟ್‌ಗಳು ಪ್ರೊಪೇನ್ ಗ್ಯಾಸಿನ ಮೇಲೆ ಓಡುತ್ತಿದ್ದವು. ಒಂದೊಂದರ ಬೆನ್ನ ಮೇಲೂ ಒಂದು ಸಿಲಿಂಡರ್ ಅಡ್ಡ ಮಲಗಿರುತ್ತಿತ್ತು. ಗ್ಯಾಸಿನ ಬಗ್ಗೆ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ. ಕನ್ನಡದ ಬಗ್ಗೆ ಮಾತ್ರ ಭಾರಿ ಗರ್ವ, ಧಾರವಾಡದಲ್ಲಿ ಕಲಿತವನು ನೋಡಿ! ಸಿಲಿಂಡರ್ ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆಸಿ ಎಂದು ಮ್ಯಾನೇಜರು ಹೇಳಿದಾಗ ಮೂರು ದಿನ ಕುಳಿತು ಬೋರ್ಡು ರಚಿಸಿದೆ: "ಅನಿಲಕೋಶದ ಕವಾಟವನ್ನು ಪ್ರದಕ್ಷಿಣವಾಗಿ ತಿರುಗಿಸಿ ಪಿಹಿತಗೊಳಿಸಿ." ಮುಚ್ಚಿ ಎನ್ನಲು ಪಿಹಿತ ಎಂಬ ಶಬ್ದ ಸಿಕ್ಕ ಖುಷಿಗೆ ಅಂದು ಒಂದು ಪ್ಲೇಟು ಮಿರ್ಚಿ ಹೆಚ್ಚಿಗೆ ತಿಂದಿದ್ದೆ.

ನಮ್ಮ ಹಿರಿಯ ಡ್ರೈವರು, ಹೆಬ್ಬಳ್ಳಿಯ ಈರಪ್ಪ, ಬೋರ್ಡಿನ ಮುಂದೆ ಬಹಳ ಹೊತ್ತು ನಿಂತ.

"ಸಾಹೇಬ್ರ, ಪ್ರದಕ್ಷಿಣಿ ಗಾಡಿಗೆ ಹಾಕೂದೋ, ಸಿಲಿಂಡರಿಗೋ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ.

"ಉಣ್ಣೋ ಕೈ ಕಡೆ ತಿರುವ್ರಿ, ಬಂದ್ ಆಗ್ತೈತಿ ಅಂತ ಬರೀರಿ. ಎಲ್ಲಾರಿಗೂ ತಿಳೀತೈತಿ."

"ಅದು ಬೋರ್ಡಿಗೆ ಒಪ್ಪೂ ಮಾತಲ್ಲ, ಈರಪ್ಪಾ," ಎಂದೆ ಗತ್ತಿನಿಂದ. ಸಿಲಿಂಡರ್ ಮುಟ್ಟುವವರಿಗೆಂದು ಹೊಸದಾಗಿ ಬಂದ ದಪ್ಪ ಕೈಗವಸುಗಳನ್ನೂ ನಾನು ಹೀಗೇ ಜೋಪಾನ ಮಾಡಿದ್ದೆ. ಹೊಲಸಾಗಬಾರದು, ತಪಾಸಣೆಯವರು ಬಂದಾಗ ತೋರಿಸಬೇಕು ಎಂದು ನನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೆ.

ಒಂದು ಬೆಳಿಗ್ಗೆ ಈರಪ್ಪನ ಗಾಡಿಯಲ್ಲಿ, ಪೈಪು ಸಿಲಿಂಡರಿಗೆ ಕೂಡುವ ಜಾಗ ಸುಸ್ಸೆಂದು ಸೋರತೊಡಗಿತು. ಆತ ಇಂಜಿನ್ ಬಂದ್ ಮಾಡಿ ಇಳಿಯುತ್ತಲೇ, ಹಿಂದೆ ನಿಂತಿದ್ದ ನನಗೆ ಕೂಗಿದ: "ಸಾಹೇಬ್ರ, ವಾಲ್ವ್ ಬಂದ್ ಮಾಡ್ರಿ, ಲಗೂ!"

ವಾಲ್ವಿಗೆ ಕೈ ಹಾಕಿದೆ. ತಲೆಗೆ ಬಂದದ್ದು ನನ್ನದೇ ಬೋರ್ಡು. ಪ್ರದಕ್ಷಿಣ. ಗುಡಿಯಲ್ಲಿ ಸುತ್ತುವವನು ನಾನು, ಇಲ್ಲಿ ಸುತ್ತಬೇಕಾದದ್ದು ವಾಲ್ವು. ಅಂದಮೇಲೆ ದಿಕ್ಕು ಉಲ್ಟಾ ಆಗಬೇಕಲ್ಲವೆ? ನೀವು ನಂಬಲಿಕ್ಕಿಲ್ಲ, ಗ್ಯಾಸು ಸೋರುತ್ತಿರುವಾಗ ನಾನು ಶಬ್ದಾರ್ಥ ವಿಚಾರ ಮಾಡುತ್ತಿದ್ದೆ. ಕೊನೆಗೆ ಧೈರ್ಯ ಮಾಡಿ ಎಡಕ್ಕೆ ತಿರುವಿದೆ. ವಾಲ್ವು ಇನ್ನಷ್ಟು ತೆರೆದು ಬೆಳ್ಳನೆಯ ಹಬೆ ಭುಸ್ಸೆಂದು ಎದ್ದಿತು.

"ಎಲ್ಲಾರೂ ಹೊರಗ ನಡೀರಿ!" ಎಂದು ಚೀರಿದ ಈರಪ್ಪ ನನ್ನನ್ನು ಆಚೆ ತಳ್ಳಿ, ಬರಿಗೈಯನ್ನು ಆ ಹಬೆಯೊಳಗೇ ಹಾಕಿ ವಾಲ್ವು ಬಂದ್ ಮಾಡಿದ.

ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ. ಆದರೆ ಚಿಮ್ಮುವ ಪ್ರೊಪೇನು ಮಂಜುಗಡ್ಡೆಗಿಂತ ತಣ್ಣಗಿರುತ್ತದೆ, ಬೆಂಕಿಯ ಹಾಗೇ ಸುಡುತ್ತದೆ. ಈರಪ್ಪನ ಬಲಗೈ ಬೆರಳುಗಳು ಬಿಳಚಿ, ಬೊಬ್ಬೆ ಎದ್ದವು. ಕೆಲಸಕ್ಕೆ ಮರಳಿದ ಮೇಲೂ ಎಷ್ಟೋ ದಿನ ಆತ ಎಡಗೈಯಲ್ಲಿ ಚಮಚ ಹಿಡಿದು ಉಂಡ. ರೊಟ್ಟಿ ಮುರಿಯಲು ಬಾರದೆಂದು ಆತನ ಹೆಂಡತಿ ಅದನ್ನು ಸಾರಿನಲ್ಲಿ ನೆನೆಸಿ ಡಬ್ಬಿಗೆ ಹಾಕಿ ಕಳಿಸುತ್ತಿದ್ದಳು. ಒಂದು ದಿನ ಎದುರಿಗೆ ಕುಳಿತು, "ನಂದ ತಪ್ಪಾತು, ಈರಪ್ಪಾ," ಎಂದೆ.

"ಉಣ್ಣೋ ಕೈ ಅಂತ ಮದ್ಲ ಹೇಳಿದ್ನಲ್ರಿ," ಎಂದು ನಕ್ಕ. ನನಗೆ ಅಳು ಬಂತು. ಅಂದೇ ಕಪಾಟು ತೆಗೆದು ಕೈಗವಸು ಹಂಚಿದೆ. ಬೋರ್ಡು ಅಳಿಸಿ ಆತನ ಮಾತನ್ನೇ ಬರೆಸಿದೆ.

ನಿನ್ನೆ ಸಿಲಿಂಡರಿನ ಗುಂಡಿಯನ್ನು ಬಲಕ್ಕೆ ತಿರುವಿ, ಸ್ವಿಚ್ಚು ಮುಟ್ಟಬೇಡವೆಂದು ಹೆಂಡತಿಗೆ ಹೇಳಿ, ಕಿಟಕಿ ತೆರೆದೆ. ಆಮೇಲೆ ಊಟಕ್ಕೆ ಕುಳಿತೆವು. ರೊಟ್ಟಿಗೆ ಚಾಚಿದ ಕೈ ನಡುವೆಯೇ ನಿಂತಿತು.

"ಯಾಕ್ರಿ, ಪಲ್ಯ ಛಲೋ ಆಗಿಲ್ಲೇನು?"

"ಛಲೋ ಆಗೈತಿ," ಎಂದೆ. ಆ ದಿನ ಈರಪ್ಪ ತಳ್ಳುವವರೆಗೂ ವಾಲ್ವಿನ ಮೇಲಿದ್ದದ್ದು ಇದೇ ಕೈ.